ಹಡಗಿನವರಿಗೂ ಊರಿನವರಿಗೂ ಅದೇ ಬಸ್ಸು

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಜನಸಂಖ್ಯೆ ಸುಮಾರು 15,500. ಅಲ್ಲಿ 2024ರ ಜುಲೈ 23ರ ಒಂದೇ ದಿನ ವಿಹಾರನೌಕೆಗಳಿಂದ ಬಂದವರು ಸುಮಾರು 11,000. ಹೆಚ್ಚಿನವರು ಹಳೆಯ ಬಂದರಿನಲ್ಲಿಳಿದು, ಕಡಿದಾದ ಬಂಡೆಗೋಡೆಯನ್ನೇರಿ ಫಿರಾ ಪಟ್ಟಣ ತಲುಪುತ್ತಾರೆ: ರೋಪ್‌ವೇಯಲ್ಲಿ, ಐನೂರಕ್ಕೂ ಮಿಕ್ಕ ಮೆಟ್ಟಿಲು ತುಳಿದು, ಇಲ್ಲವೇ ಕತ್ತೆಯ ಬೆನ್ನ ಮೇಲೆ. (ಕತ್ತೆಗೆ 100 ಕಿಲೋ ಮೀರಿದ ಭಾರ ಹೇರಬಾರದೆಂದು 2018ರಲ್ಲಿ ನಿಯಮವನ್ನೇ ಮಾಡಬೇಕಾಯಿತು!) ಕಮಾರಿ, ಪೆರಿಸ್ಸಾ ಕಡಲತೀರಗಳ ಬಸ್ಸುಗಳು ಹೊರಡುವುದು ಫಿರಾದಿಂದಲೇ. ಊರಿನ ವೃದ್ಧರು, ಹೋಟೆಲಿನ ಕೆಲಸಗಾರರು ನಂಬಿರುವುದೂ ಆ ಬಸ್ಸುಗಳನ್ನೇ. ಜಾಗ ಸಿಗದಿದ್ದರೆ ಹಡಗಿನವರಿಗೆ ತಪ್ಪುವುದು ಸಮುದ್ರಸ್ನಾನ. ಊರಿನವರಿಗೆ ಅಂದಿನ ಕೆಲಸ.

ಪ್ರವಾಸಿಗಳು ಬಸ್ಸು ಹತ್ತುವುದು ತಪ್ಪಲ್ಲ. ಆ ಇಕ್ಕಟ್ಟಿನ ರಸ್ತೆಗಳಲ್ಲಿ ಬಾಡಿಗೆ ಕಾರುಗಳ ಸಾಲಿಗಿಂತ ಅದು ಎಷ್ಟೋ ಮೇಲು. ತಪ್ಪಿರುವುದು ಹಡಗುಗಳನ್ನು ಒಟ್ಟೊಟ್ಟಿಗೆ ಬರಗೊಟ್ಟ ವ್ಯವಸ್ಥೆಯಲ್ಲಿ. 2025ರಲ್ಲಿ ದಿನಕ್ಕೆ 8,000 ಮಂದಿಯ ಮಿತಿ ಬಂದಿತು. ಮಿತಿಯೆಂದರೂ ಅದು ಊರಿನ ಅರ್ಧಕ್ಕಿಂತ ಹೆಚ್ಚು! ಅದೇ ಜುಲೈಯಿಂದ ದಟ್ಟಣೆಯ ತಿಂಗಳುಗಳಲ್ಲಿ ತಲಾ 20 ಯೂರೋ ಶುಲ್ಕವೂ ಜಾರಿಗೆ ಬಂದಿತು. ಆ ಹಣದ ಮೊದಲ ಪಾಲು ಬಸ್ಸುಗಳಿಗೇ ಸಲ್ಲಬೇಕು. ಹಡಗು ನಿಂತ ದಿನ ಹೆಚ್ಚುವರಿ ಬಸ್ಸುಗಳು ಓಡಬೇಕು, ಪ್ರತಿ ಬಸ್ಸಿನಲ್ಲೂ ಊರಿನವರಿಗೆ ಆಸನ ಮೀಸಲಿರಬೇಕು.