ಎಲೆ ಉದುರುವ ಕಾಲದ ಹಾಡು
ಬೇಸಿಗೆ ರಜೆ ಮುಗಿದು ಎಲೆ ಉದುರತೊಡಗಿದರೆ ಇಂಗ್ಲೆಂಡಿನ ಹಲವು ಊರುಗಳ ಹವ್ಯಾಸಿ ಸಂಘಗಳಲ್ಲಿ ಗಿಲ್ಬರ್ಟ್–ಸಲಿವನ್ ಜೋಡಿಯ ಲಘು ಒಪೆರಾಗಳ ತಾಲೀಮು ಜೋರು. ನಮ್ಮ ಕಂಪನಿ ನಾಟಕಗಳಂತೆ ಇಲ್ಲೂ ಮಾತು, ಹಾಡು, ಹಾಸ್ಯ ಒಂದಕ್ಕೊಂದು ಹೆಗಲು ಕೊಡುತ್ತವೆ; 1878ರ ‘ಎಚ್.ಎಂ.ಎಸ್. ಪಿನಾಫೋರ್’ ಹಡಗಿನ ಗಂಧಗಾಳಿಯಿಲ್ಲದ ನೌಕಾಮಂತ್ರಿಯನ್ನು ಗೇಲಿ ಮಾಡುತ್ತದೆ. ಮಕ್ಕಳೊಂದಿಗೆ ಹೋಗುವವರಿಗೆ ಆರ್ಕೆಸ್ಟ್ರಾ ಕಛೇರಿಗಳಿವೆ. ಪ್ರೊಕೊಫಿಯೆವ್ 1936ರಲ್ಲಿ ರಚಿಸಿದ ‘ಪೀಟರ್ ಅಂಡ್ ದ ವುಲ್ಫ್’ನಲ್ಲಿ ಕಥೆಯ ಪಾತ್ರಗಳಿಗೆ ತಮ್ಮದೇ ವಾದ್ಯ: ಹಕ್ಕಿಗೆ ಕೊಳಲು, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್. 1946ರ ಅಕ್ಟೋಬರಿನಲ್ಲಿ ಲಿವರ್‌ಪೂಲಿನಲ್ಲಿ ಮೊದಲು ನುಡಿಸಿದ ಬೆಂಜಮಿನ್ ಬ್ರಿಟನ್ ಕೃತಿ, ಪರ್ಸೆಲ್‌ನ ಹಳೆಯ ಧಾಟಿಯೊಂದನ್ನು ವಾದ್ಯದಿಂದ ವಾದ್ಯಕ್ಕೆ ದಾಟಿಸುತ್ತ ಇಡೀ ಆರ್ಕೆಸ್ಟ್ರಾದ ಪರಿಚಯ ಮಾಡಿಸುತ್ತದೆ. ಮಕ್ಕಳಿಗೆಂದು ಬರೆದರೂ ಪ್ರೊಕೊಫಿಯೆವ್, ಬ್ರಿಟನ್ ಇಬ್ಬರೂ ಸಂಗೀತವನ್ನು ತೆಳುವಾಗಿಸಲಿಲ್ಲ. ಅದಕ್ಕೇ ಜೊತೆಗೆ ಬಂದ ಅಪ್ಪ ಅಮ್ಮ ಆಕಳಿಸುವುದಿಲ್ಲ.