ದಯೆಯ ವೇಷದ ಭಯ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರಿಗಳಾಗಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸರ್ಕಾರಿ ನೌಕರರು. ಭಂಡಾರದ ಹಣವನ್ನು ಜಂಗಮರಿಗಾಗಿ ವ್ಯಯಿಸಿದರೆಂಬ ದೂರು ಅರಸನ ಕಿವಿಗೆ ಬಿದ್ದಾಗ ಎಲ್ಲವನ್ನೂ ಎಣಿಸಿ ನೋಡಲಾಯಿತು, ಏನೂ ಕಡಿಮೆಯಾಗಿರಲಿಲ್ಲ ಎಂದು ಪರಂಪರೆ ಹೇಳುತ್ತದೆ. ಈ ಕಥೆಯಲ್ಲಿ ಭಕ್ತರು ಸಾಮಾನ್ಯವಾಗಿ ಪವಾಡವನ್ನು ಕಾಣುತ್ತಾರೆ. ಆದರೆ ಬಸವಣ್ಣನವರು ವಿಚಾರಣೆಯನ್ನು ಅಪಮಾನವೆಂದು ಬಗೆಯಲಿಲ್ಲ ಎಂಬುದನ್ನು ಗಮನಿಸುವವರು ವಿರಳ. ಲೆಕ್ಕ ಒಪ್ಪಿಸುವುದೂ ಕಾಯಕದ ಅಂಗವೇ ಆಗಿತ್ತು.

ಇಂದಿನ ಕಚೇರಿಗಳಲ್ಲಿ ವಿಚಾರಣೆಗೆ ಅಂಜುವವನು ನೌಕರನಲ್ಲ, ಅವನ ಮೇಲಧಿಕಾರಿ. ಕೈಕೆಳಗಿನವನು ಹೊತ್ತು ಮೀರಿ ಬರುತ್ತಾನೆ, ಕಡತ ಮುಟ್ಟುವುದಿಲ್ಲ, ಬಂದ ಬಡವರನ್ನು ನಾಳೆ ಬಾ ಎಂದು ಅಟ್ಟುತ್ತಾನೆ. ನಿದ್ರೆಗೆಡುವವನು ಮಾತ್ರ ಅಧಿಕಾರಿ. ಕ್ರಮ ಕೈಗೊಂಡರೆ ಸಂಘದವರು ಬಂದಾರು, ಶಾಸಕರ ಕಡೆಯಿಂದ ಫೋನು ಬಂದೀತು, ಜಾತಿಯ ಬಣ್ಣ ಬಳಿದಾರು, ನ್ಯಾಯಮಂಡಳಿಯಲ್ಲಿ ಆದೇಶ ಬಿದ್ದುಹೋದರೆ ಮುಖ ತೋರಿಸುವುದೆಂತು? ಇಷ್ಟೆಲ್ಲ ಅಂಜಿಕೆಯನ್ನು ಒಳಗಿಟ್ಟುಕೊಂಡು ಅವನು ಬಾಯಿಬಿಟ್ಟು ಆಡುವುದು ಒಂದೇ ಮಾತು: ಪಾಪ, ಅವನಿಗೂ ಹೆಂಡಿರು ಮಕ್ಕಳಿದ್ದಾರೆ.

ಸರ್ಕಾರಿ ನೌಕರನನ್ನು ತೆಗೆಯಲಾಗದು ಎಂಬುದು ಕಚೇರಿಗಳ ಮೂಢನಂಬಿಕೆ. ಸಂವಿಧಾನದ 311ನೆಯ ವಿಧಿಯು ಆರೋಪವನ್ನು ತಿಳಿಸಿ, ಉತ್ತರಿಸಲು ಸಮಂಜಸ ಅವಕಾಶ ಕೊಡಬೇಕೆನ್ನುತ್ತದೆ. ಅದು ಮೇಲಿನವನ ಮನಬಂದ ಅಧಿಕಾರಕ್ಕೆ ಹಾಕಿದ ಬೇಲಿಯೇ ಹೊರತು ಸೋಮಾರಿತನಕ್ಕೆ ಕಟ್ಟಿದ ಕೋಟೆಯಲ್ಲ. ರಾಜ್ಯದ 1957ರ ಶಿಸ್ತು ನಿಯಮಗಳಲ್ಲಿ ವಾಗ್ದಂಡನೆಯಿಂದ ವಜಾದವರೆಗೆ ಮೆಟ್ಟಿಲುಗಳಿವೆ. ಹೊಸಬನಾದರೆ 1977ರ ನಿಯಮಗಳಂತೆ ಪರೀಕ್ಷಾರ್ಥ ಅವಧಿಯಲ್ಲೇ ಅವನ ಯೋಗ್ಯತೆಯನ್ನು ಅಳೆಯಬಹುದು. 50 ವರ್ಷ ವಯಸ್ಸು ಅಥವಾ 25 ವರ್ಷ ಸೇವೆ ಕಳೆದವನನ್ನು ಸಾರ್ವಜನಿಕ ಹಿತಕ್ಕಾಗಿ ನಿವೃತ್ತಿಗೊಳಿಸುವ ಅಧಿಕಾರವೂ ಸರ್ಕಾರಕ್ಕಿದೆ.

ಹಾಗಾದರೆ ಅಡ್ಡಿಯೇನು? ವಾರ್ಷಿಕ ಕಾರ್ಯನಿರ್ವಹಣಾ ವರದಿ. ನೌಕರನ ಬಗೆಗಿನ ಪ್ರತಿಯೊಂದು ನಮೂದನ್ನೂ ಅವನಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿತು. ನ್ಯಾಯವಾದ ಮಾತು. ಆದರೆ ಬರೆದುದನ್ನು ಮುಖಕ್ಕೆ ಹಿಡಿಯಬೇಕೆಂದಾಗ ಅಳುಕುವ ಲೇಖನಿ 'ಉತ್ತಮ' ಎಂದೇ ಬರೆಯುತ್ತದೆ. ಹತ್ತು ವರ್ಷ ಉತ್ತಮನಾಗಿದ್ದವನು ಹನ್ನೊಂದನೆಯ ವರ್ಷ ನಿರುಪಯೋಗಿಯಾದನೆಂದರೆ ಯಾವ ನ್ಯಾಯಾಧೀಶರು ನಂಬಿಯಾರು?

ಆಗ ಹೊಳೆಯುವ ಉಪಾಯ ವರ್ಗಾವಣೆ. ಎಲ್ಲಿಗೆ? ಅಫಜಲಪುರ, ಆಳಂದ, ಜೇವರ್ಗಿಗಳನ್ನು ಶಿಕ್ಷೆಯ ಜಾಗವೆಂದು ಆಡಿಕೊಳ್ಳುವ ದುರಭ್ಯಾಸ ಆಡಳಿತದವರಲ್ಲಿ ಹಳೆಯದು. ಒಬ್ಬನ ಮೈಗಳ್ಳತನಕ್ಕೆ ಶಿಕ್ಷೆ ಅನುಭವಿಸುವವರು ಭೀಮಾ ತೀರದ ರೈತರು! ಉಜನಿಯಿಂದ ನೀರು ಬಿಟ್ಟಾಗ ಸೊನ್ನ ಬ್ಯಾರೇಜಿನ ಸುತ್ತಲಿನವರ ಎದೆ ನಡುಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹೊಲಗಳನ್ನು ಮುಳುಗಿಸಿದ್ದನ್ನು ಕಂಡವರಿದ್ದಾರೆ. ಇಂಥ ವೇಳೆ ಹೊಲಕ್ಕೆ ಕಾಲಿಡದೆ, ಕುಳಿತಲ್ಲೇ ಬೆಳೆಹಾನಿ ಬರೆಯುವ ಒಬ್ಬ ನೌಕರನಿದ್ದರೆ ಸಾಕು, ಪರಿಹಾರದ ಪಟ್ಟಿಯಿಂದ ಎಷ್ಟೋ ಮನೆಗಳು ಬಿಟ್ಟುಹೋಗುತ್ತವೆ. ಆ ಮನೆಗಳಲ್ಲೂ ಹೆಂಡಿರು ಮಕ್ಕಳಿದ್ದಾರಲ್ಲವೆ? (371(ಜೆ) ವಿಧಿಯಿಂದ ಹುದ್ದೆ ಪಡೆದ ಈ ಭಾಗದವರೇ ಕೆಲಸಗಳ್ಳರಾದರೆ, ನಮ್ಮವನೆಂದು ಮುಚ್ಚಿಡುವುದು ಇನ್ನೂ ಹೀನ.)

ದಾಸೋಹವೆಂದರೆ ತನ್ನ ದುಡಿಮೆಯಿಂದ ನೀಡುವುದು. ಸೊನ್ನದ ರೈತನ ತೆರಿಗೆಯಿಂದ ಅಧಿಕಾರಿ ತೋರುವ ಔದಾರ್ಯ ದಾಸೋಹವಾಗದು. ದಯೆಗೆ ಅದರದೇ ಸ್ಥಾನವಿದೆ, ಅದು ಮೊದಲಲ್ಲಿದೆ. ನೌಕರನಿಗೆ ಕಾಯಿಲೆಯೆ, ಮನೆಯಲ್ಲಿ ಸಾವುನೋವೆ, ಕಂಪ್ಯೂಟರನ್ನು ಯಾರೂ ಕಲಿಸಲೇ ಇಲ್ಲವೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ತಿದ್ದಿಕೊಳ್ಳಲು ಕಾಲ ಕೊಡಬೇಕು, ಕೊಟ್ಟುದನ್ನು ಬರೆದಿಡಬೇಕು. ಹೊತ್ತು ಮೀರಿ ಬರುವ ಅಧಿಕಾರಿಗೆ ಈ ಮಾತು ಕೇಳುವ ಬಾಯಿಯೂ ಇರುವುದಿಲ್ಲ, ಅದು ಬೇರೆ.

ಅಷ್ಟಾಗಿಯೂ ಬದಲಾಗದಿದ್ದರೆ ಆರೋಪಪಟ್ಟಿಯನ್ನು ಕೊಡಬೇಕು. ನ್ಯಾಯಾಲಯದಲ್ಲಿ ಆದೇಶ ಬಿದ್ದುಹೋದೀತೆಂಬ ಅಂಜಿಕೆಗೆ 1993ರ ಕರುಣಾಕರ್ ಪ್ರಕರಣದಲ್ಲಿ ಉತ್ತರವಿದೆ. ವಿಚಾರಣಾ ವರದಿಯ ಪ್ರತಿಯನ್ನು ನೌಕರನಿಗೆ ಕೊಡದ ಲೋಪದಿಂದ ಅವನಿಗೆ ಅನ್ಯಾಯವಾಗಿದೆಯೆಂದು ಕಂಡು ಶಿಕ್ಷೆಯನ್ನು ತಳ್ಳಿಹಾಕಿದರೂ, ಪ್ರತಿ ಕೊಟ್ಟು ಆ ಹಂತದಿಂದಲೇ ವಿಚಾರಣೆಯನ್ನು ಮುಂದುವರಿಸಲು ಸರ್ವೋಚ್ಚ ನ್ಯಾಯಾಲಯ ಅವಕಾಶ ನೀಡಿದೆ.