ಗಾಲಿಕುರ್ಚಿಯ ದಾನವಾದ ಮೇಲೆ

2025ರ ಜನವರಿ 16ರಂದು ಜಗದ್ಗುರು ಫ್ರಾನ್ಸಿಸರು ವ್ಯಾಟಿಕನ್ನಿನ ತಮ್ಮ ನಿವಾಸದಲ್ಲಿ ಬಿದ್ದು ಬಲ ಮುಂಗೈಗೆ ಪೆಟ್ಟು ಮಾಡಿಕೊಂಡರು. ಮೊಣಕಾಲಿನ ಬೇನೆಯ ನಿಮಿತ್ತ 2022ರ ಮೇ ತಿಂಗಳಿನಿಂದ ಅವರು ಗಾಲಿಕುರ್ಚಿಯನ್ನು ಬಳಸುತ್ತಿದ್ದರು. ಜಗದ್ಗುರು ಎರಡನೆಯ ಜಾನ್ ಪಾಲರು 1994ರ ಏಪ್ರಿಲಿನಲ್ಲಿ ಸ್ನಾನಗೃಹದಲ್ಲಿ ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡುದನ್ನು ಹಿರಿಯ ಓದುಗರು ಮರೆತಿರಲಾರರು. ಸೇವೆಗೆ ಇಷ್ಟೊಂದು ಜನರಿರುವಲ್ಲಿಯೇ ಹೀಗಾಗುವುದಾದರೆ, ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದು ಇಬ್ಬರೇ ವೃದ್ಧರು ಉಳಿದಿರುವ ನಮ್ಮ ಕರಾವಳಿಯ ಮನೆಗಳ ಪಾಡೇನು?

ಗಾಲಿಕುರ್ಚಿಯನ್ನು ದಾನ ನೀಡುವುದು ನಮ್ಮ ಧರ್ಮಕೇಂದ್ರಗಳಲ್ಲಿರುವ ಒಳ್ಳೆಯ ವಾಡಿಕೆ. ಪಾಲಕ ಸಂತರ ಹಬ್ಬವೋ ತೀರಿಹೋದ ಹಿರಿಯರ ಸ್ಮರಣೆಯೋ, ನೆವ ಯಾವುದಾದರೂ ಕುರ್ಚಿ ಬರುತ್ತದೆ, ಛಾಯಾಚಿತ್ರವೂ ತೆಗೆಯಲ್ಪಡುತ್ತದೆ. ಆ ಕುರ್ಚಿಯ ಅಗಲ ಕುಳಿತುಕೊಳ್ಳುವವರ ಮೈಗೆ ಹೊಂದುತ್ತದೆಯೇ, ಅದರಿಂದ ಮಂಚಕ್ಕೆ ದಾಟುವ ಬಗೆ ಹೇಗೆ ಎಂದು ತೋರಿಸಿಕೊಡುವವರು ಮಾತ್ರ ವಿರಳ. ಕುರ್ಚಿ ಬಂತು, ಇನ್ನು ಬೀಳುವ ಭಯವಿಲ್ಲವೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯೇ ಅಪಾಯಕಾರಿ.

ಕುರ್ಚಿಯಿಂದ ಮಂಚಕ್ಕೆ, ಶೌಚಕ್ಕೆ, ಕಾರಿಗೆ ದಾಟುವ ಗಳಿಗೆಯಲ್ಲಿ ಬೀಳುವವರು ಬಹಳ. ಬ್ರೇಕು ಹಾಕುವುದು ಮರೆತುಹೋಗಿರುತ್ತದೆ. ಇಲ್ಲವೇ ಪಾದವಿಡುವ ಹಲಗೆಯ ಮೇಲೆಯೇ ಭಾರ ಹಾಕಿ ಏಳಲು ಹೋಗಿ ಕುರ್ಚಿಯೇ ಮುಂದಕ್ಕೆ ಮಗುಚುತ್ತದೆ. ಸಾಮಾನ್ಯ ಕುರ್ಚಿಗಳ ಕೈಬ್ರೇಕು ಟೈರನ್ನು ಒತ್ತಿ ನಿಲ್ಲಿಸುವಂಥದು. ಟೈರಿನ ಗಾಳಿ ಇಳಿದಿದ್ದರೆ ಬ್ರೇಕು ಹಾಕಿದ್ದರೂ ಕುರ್ಚಿ ಸರಿಯುತ್ತದೆ. ನೆಲದ ವಸ್ತುವಿಗಾಗಿ ಮುಂದಕ್ಕೆ ಬಾಗುವ ಮೊದಲು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರೆ ಮುಂದಿನ ಪುಟ್ಟ ಗಾಲಿಗಳು ಮುಮ್ಮುಖವಾಗಿ ತಿರುಗಿ ಆಧಾರ ಹೆಚ್ಚುತ್ತದೆ. ಹಿಂಬದಿಗೆ ಭಾರದ ಚೀಲ ತೂಗುಹಾಕಿದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಪೂಜೆಗೆ ಹೊರಟಾಗ ನೀರಿನ ಬಾಟಲಿ, ಕೊಡೆ, ಪ್ರಾರ್ಥನಾ ಪುಸ್ತಕಗಳೆಲ್ಲ ಅಲ್ಲಿಗೇ ಸೇರುವುದು ನಮ್ಮ ರೂಢಿಯಲ್ಲವೇ! ಸ್ನಾನದ ಮನೆಯಲ್ಲಿ ಗೋಡೆಗೆ ಭದ್ರವಾದ ಕಂಬಿ ಬೇಕು. ಟವೆಲು ಹಾಕುವ ಸಪೂರ ಸರಳು ದೇಹದ ಭಾರವನ್ನು ತಾಳದು.

ವರ್ಷಗಟ್ಟಲೆ ಕಾಲಿನ ಮೇಲೆ ಭಾರ ಹಾಕದವರ ಎಲುಬು ಸವೆದಿರುತ್ತದೆ. ಅಲ್ಪ ಎತ್ತರದಿಂದ ಬಿದ್ದರೂ ಮುರಿಯಬಹುದು. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನ ನೋವೇ ತಿಳಿಯದಿರಬಹುದು. ಬಾವು, ಬಿಸಿ, ಕಾಲಿನ ಆಕಾರದ ವ್ಯತ್ಯಾಸ ಇವುಗಳಿಂದಲೇ ಮುರಿತವನ್ನು ಶಂಕಿಸಬೇಕಾಗುತ್ತದೆ. ಬಿದ್ದವರನ್ನು ಗಾಬರಿಯಿಂದ ರಟ್ಟೆ ಹಿಡಿದೆತ್ತುವುದು ಸಲ್ಲದು. ಇನ್ನೊಂದು ಮಾತು: ವಿದೇಶದ ಮಗನಿಗೆ ಚಿಂತೆಯಾದೀತೆಂದು, ಎಲ್ಲಿ ಆಶ್ರಮಕ್ಕೆ ಸೇರಿಸುತ್ತಾರೋ ಎಂದು, ನಮ್ಮ ತಾಯಂದಿರು ಬಿದ್ದುದನ್ನೇ ಮರೆಮಾಚುತ್ತಾರೆ. ಮನೆಯವರು ಗದರಿಸದೆ ಕೇಳಿದರೆ ಮಾತ್ರ ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಬಿದ್ದರೆಂಬುದು ತಿಳಿದೀತು. ನಿದ್ರೆಯ ಅಥವಾ ರಕ್ತದೊತ್ತಡದ ಮಾತ್ರೆಯಿಂದ ತಲೆತಿರುಗುತ್ತಿದ್ದರೆ ವೈದ್ಯರು ಅದನ್ನು ಬದಲಿಸಬಲ್ಲರು.

ಬ್ಯಾಟರಿಯ ಸ್ಕೂಟರು ಉಳ್ಳವರು ಹತ್ತುವ ಇಳಿಯುವ ಮೊದಲು ಕೀಲಿ ತೆಗೆಯಬೇಕು, ಇಳಿಜಾರಿನಲ್ಲಿ ಅಡ್ಡಕ್ಕೆ ತಿರುಗಿಸಬಾರದು. ಮೂರು ಗಾಲಿಯದು ತಿರುವಿನಲ್ಲಿ ಬೇಗ ಮಗುಚುತ್ತದೆ.

ಇನ್ನು ದೇವಾಲಯಗಳ ವಿಚಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಧಾರ್ಮಿಕ ಕಾರ್ಯಗಳಿಗಾಗಿ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಪರಿಗಣಿಸುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ 5 ವರ್ಷಗಳ ಗಡುವು 2022ರ ಜೂನಿಗೇ ತೀರಿತು. ಸುಗಮ ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಗಳಾಗಿ ಬಿಡುವಂತಿಲ್ಲ, ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರಿನಲ್ಲಿ ತೀರ್ಪಿತ್ತಿತು. ಹೀಗಿರುತ್ತ ಇಳಿಜಾರು ಹಾದಿಯು ಯಾರದೋ ಔದಾರ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಹಾದಿ ಕಟ್ಟಿದ ಕಡೆಗಳಲ್ಲೂ ಅಳತೆ ತಪ್ಪುವುದುಂಟು. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕೆಂಬುದು ಲೆಕ್ಕ. ಆರಾರು ಅಂಗುಲದ ಮೂರು ಮೆಟ್ಟಿಲುಗಳಿಗೆ 18 ಅಡಿಯಾಯಿತು. ಜಾಗ ಸಾಲದೆಂದು ಆರೇಳು ಅಡಿಯಲ್ಲಿ ಮುಗಿಸಿ ಮೇಲೆ ಹೊಳಪಿನ ಟೈಲ್ಸ್ ಹಾಸಿದರೆ, ಮಳೆಗಾಲದಲ್ಲಿ ತಳ್ಳುವವರೂ ಕುಳಿತವರೂ ಒಟ್ಟಿಗೆ ಜಾರುತ್ತಾರೆ. ಅಂಥ ಹಾದಿಗಿಂತ ಹಾದಿಯೇ ಇಲ್ಲದಿರುವುದು ಮೇಲೆಂದು ನಮ್ಮ ಅಭಿಪ್ರಾಯ. ಇಲ್ಲದಿದ್ದರೆ ನಾಲ್ವರು ಯುವಕರಾದರೂ ಎಚ್ಚರದಿಂದ ಎತ್ತಿಕೊಂಡಾರು. ಇರುವ ಹಾದಿಯಲ್ಲಿ ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸುವುದು ಕ್ಷೇಮ. ಬದಿಗೆ ಕಂಬಿ, ಗಾಲಿ ಹೊರಜಾರದಂತೆ ಅಂಚುಕಟ್ಟೆ, ತಿರುವಿನಲ್ಲಿ ಸಮತಟ್ಟಾದ ತಾಣ ಇವೆಲ್ಲ ಇರಬೇಕು.

ಚರ್ಚ್ ಪಾಲನಾ ಮಂಡಳಿಗಳು ಹೊಸ ಹಾದಿಯ ನಕ್ಷೆ ಹಾಕಿಸುವ ದಿನ ಊರಿನ ಗಾಲಿಕುರ್ಚಿ ಬಳಸುವವರೊಬ್ಬರನ್ನು ಸಭೆಗೆ ಕರೆಯಲಿ, ಕಾಂಕ್ರೀಟು ಬೀಳುವ ಮೊದಲೇ.